ಮೂರು ವರ್ಷದ ಯೋಗ ಚಿಕಿತ್ಸೆ: ನನ್ನ ಸೊಂಟಕ್ಕೆಂದೇ ಬರೆದುಕೊಟ್ಟ ಅಭ್ಯಾಸ

ನಾನು ಮೈಸೂರಿನಲ್ಲಿ ಹೈಸ್ಕೂಲು ಗಣಿತ ಟೀಚರ್, ವಯಸ್ಸು 51. ಸೊಂಟದಿಂದ ಎಡಗಾಲಿನ ಹಿಮ್ಮಡಿವರೆಗೆ ಚುಳುಕ್ ಎಂದು ಎಳೆಯುವ ನೋವು. ಎಂಆರ್‌ಐ ಮಾಡಿಸಿದಾಗ ಬೆನ್ನುಮೂಳೆಯ ಬುಡದ ಎಲ್5-ಎಸ್1 ಡಿಸ್ಕ್, ಅಂದರೆ ಎರಡು ಮೂಳೆಗಳ ನಡುವಿನ ಮೆತ್ತೆ, ಉಬ್ಬಿದೆ ಎಂದು ಬಂತು. ಆಪರೇಷನ್ ಸದ್ಯಕ್ಕೆ ಬೇಡ ಎಂದರು ಡಾಕ್ಟರು.

ಮೊದಲು ಸೇರಿದ್ದು ಮನೆ ಹತ್ತಿರದ ಸಾಮೂಹಿಕ ಕ್ಲಾಸಿಗೆ. ನಲವತ್ತು ಜನ, ಮೈಕಿನಲ್ಲಿ ಎಣಿಕೆ. ನೋವಿದೆ ಎಂದು ಹೇಳಿದ್ದರೂ ಎಲ್ಲರ ಜೊತೆ, ಕಾಲು ಚಾಚಿ ಕೂತು ಮುಂದಕ್ಕೆ ಬಾಗುವ ಪಶ್ಚಿಮೋತ್ತಾನಾಸನಕ್ಕೆ ಬಗ್ಗಿಸಿದರು. ಉಬ್ಬಿದ ಡಿಸ್ಕಿಗೆ ಆ ಬಾಗುವಿಕೆ ಎಷ್ಟು ಕೆಟ್ಟದ್ದೆಂದು ನನಗೂ ಆಗ ಗೊತ್ತಿರಲಿಲ್ಲ. ಮೂರನೇ ವಾರ ಬಗ್ಗಿ ಚಪ್ಪಲಿ ಹಾಕಿಕೊಳ್ಳುವುದಕ್ಕೂ ಆಗಲಿಲ್ಲ.

ಆಮೇಲೆ ಸಿಕ್ಕವರು ಯೋಗಗುರು ಕೃಷ್ಣಮಾಚಾರ್ಯರ ಪರಂಪರೆಯಲ್ಲಿ ಕಲಿತ ಮೇಷ್ಟ್ರು, ಒಬ್ಬೊಬ್ಬರಿಗೇ ಹೇಳಿಕೊಡುವವರು. ನಮ್ಮ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ 1930ರ ದಶಕದಲ್ಲಿ ಹುಡುಗರಿಗೆ ಬೆವರಿಳಿಸುವ ಆಸನ ಕಲಿಸಿದ ಅದೇ ಕೃಷ್ಣಮಾಚಾರ್ಯರು, ಮದರಾಸಿಗೆ ಹೋದಮೇಲೆ ಕಾಯಿಲೆಯವರಿಗೆ ಅವರವರ ಮೈಗೆ ತಕ್ಕಂತೆ ಅಭ್ಯಾಸ ಕೊಡುತ್ತಿದ್ದರು. ಮಗ ದೇಶಿಕಾಚಾರ್ 1976ರಲ್ಲಿ ಅಲ್ಲಿ ಯೋಗ ಮಂದಿರಂ ಕಟ್ಟಿದ್ದೂ ಇದೇ ದಾರಿಯಲ್ಲಿ.

ಮೊದಲ ದಿನ ಒಂದು ಆಸನವೂ ಇಲ್ಲ, ಒಂದು ಗಂಟೆ ಬರೀ ಪ್ರಶ್ನೆ. ನಿದ್ದೆ, ಊಟ, ಮುಟ್ಟು ಎಲ್ಲ ಕೇಳಿದರು. "ಬೋರ್ಡ್ ಮೇಲೆ ಬರೆಯುವಾಗ ಯಾವ ಕಾಲಿಗೆ ಭಾರ ಕೊಡ್ತೀರಮ್ಮ?" ಎಂದರು. ಅದುವರೆಗೆ ಯಾರೂ ಕೇಳಿರಲಿಲ್ಲ. ಕೊನೆಗೆ ಒಂದು ಹಾಳೆಯಲ್ಲಿ ಕಡ್ಡಿಗೊಂಬೆಗಳ ಚಿತ್ರ ಬರೆದುಕೊಟ್ಟರು: ಮೀನಖಂಡ ಕುರ್ಚಿಯ ಮೇಲಿಟ್ಟು ಮಲಗುವುದು, ಮಲಗಿದಲ್ಲೇ ಉಸಿರಿನ ಜೊತೆ ಕೈ ಎತ್ತುವುದು, ದ್ವಿಪಾದ ಪೀಠ. ಹದಿನೈದೇ ನಿಮಿಷ.

ದ್ವಿಪಾದ ಪೀಠದಲ್ಲಿ ಮಂಡಿ ಮಡಿಸಿ ಮಲಗಿ, ಉಸಿರು ಎಳೆಯುತ್ತಾ ಸೊಂಟ ಎತ್ತಬೇಕು, ಬಿಡುತ್ತಾ ಇಳಿಸಬೇಕು. ಸೊಂಟ ನೆಲ ಮುಟ್ಟಿದ ಮೇಲೂ ಬಿಡುವುದಕ್ಕೆ ಚೂರು ಉಸಿರು ಉಳಿದಿರಬೇಕು ಎಂಬುದು ಅವರ ಲೆಕ್ಕ. ನನ್ನದು ಅರ್ಧದಲ್ಲೇ ಮುಗಿದು, ಉಳಿದರ್ಧಕ್ಕೆ ಹಲ್ಲು ಕಚ್ಚುತ್ತಿದ್ದೆ. ಅವರು ಅದನ್ನು ಕಂಡುಹಿಡಿದು ಎಂಟು ಸಲವನ್ನು ನಾಲ್ಕಕ್ಕೆ ಇಳಿಸಿದರು. ನನಗೆ ಗುಣ ಸಿಕ್ಕಿದ್ದು ಹೀಗೆ ಕಡಿಮೆ ಮಾಡಿದ್ದರಿಂದಲೇ ಎಂದು ಬಲವಾಗಿ ನಂಬಿದ್ದೇನೆ.

ನಾಲ್ಕು ತಿಂಗಳಿಗೆ ಹಿಮ್ಮಡಿಯ ಎಳೆತ ನಿಂತಿತು. ಮೊದಲ ಎರಡು ತಿಂಗಳು ಫಿಸಿಯೋಥೆರಪಿಯೂ ನಡೆದಿತ್ತು, ಅದರ ಪಾಲೂ ಇದ್ದೀತು. ಈಗ ಎರಡು ಪೀರಿಯಡ್ ಒಟ್ಟಿಗೆ ನಿಂತು ಪಾಠ ಮಾಡುತ್ತೇನೆ. ಹಾಳೆ ಆರು ಸಲ ಬದಲಾಗಿದೆ. ಹೋದ ವರ್ಷ ಬಿಪಿ ಬಂದಾಗ ಉಸಿರು ಹಿಡಿಯುವುದನ್ನು ಪೂರ್ತಿ ತೆಗೆದರು. ಮಾತ್ರೆ ಮಾತ್ರ ಡಾಕ್ಟರನ್ನು ಕೇಳದೆ ಬಿಡಕೂಡದು ಎಂದು ಗದರಿಸಿಯೇ ಹೇಳಿದರು. ಮಾತ್ರೆ ಬಿಡಿ ಎನ್ನುವ ಯೋಗದವರು ಸಿಕ್ಕರೆ ದಯವಿಟ್ಟು ಎದ್ದು ಬನ್ನಿ. ಡಿಸ್ಕ್ ತೊಂದರೆಯಲ್ಲಿ ಕಾಲು ಸ್ವಾಧೀನ ತಪ್ಪಿದರೆ, ಮೂತ್ರದ ಹಿಡಿತ ಹೋದರೆ, ನೇರ ಆಸ್ಪತ್ರೆಗೆ.

ಮಂಡಿನೋವಿನ ತಂಗಿ ನನ್ನ ಹಾಳೆಯ ಫೋಟೋ ಕೇಳಿದಳು. ಕೊಡಲಿಲ್ಲ, ಅವಳನ್ನೇ ಕರೆದುಕೊಂಡು ಹೋದೆ. ಅವಳಿಗೆ ಬಂದದ್ದು ಬೇರೆಯೇ ಹಾಳೆ.

ಕೊರತೆಗಳೂ ಇವೆ. ಒಂದು ಭೇಟಿಗೆ 900 ರೂಪಾಯಿ. ಮೊದಲ ವರ್ಷ ಹದಿನಾಲ್ಕು ಸಲ ಹೋದೆ, ನನ್ನ ವಿಮೆಯಿಂದ ಬಿಡಿಗಾಸು ಬರಲಿಲ್ಲ. ವಿಡಿಯೋ ಕಾಲ್ ಪ್ರಯೋಜನವಿಲ್ಲ, ನಾನು ಉಸಿರು ಕಟ್ಟಿದ್ದು ಫೋನಿನಲ್ಲಿ ಅವರಿಗೆ ಕಾಣಲೇ ಇಲ್ಲ. ಹತ್ತು ದಿನ ಅಭ್ಯಾಸ ತಪ್ಪಿದರೆ ಹಿಮ್ಮಡಿಯಲ್ಲಿ ಮತ್ತೆ ಜೋಮು. ಈಗ ಮೂರು ತಿಂಗಳಿಗೊಮ್ಮೆ ಹೋಗುತ್ತಿದ್ದೇನೆ, ಮುಂದೆಯೂ ಹೋಗುತ್ತೇನೆ.