ಕೊನೆಯ ಹಾಡಿಗಾಗಿ ಕೊಂಡ ಕಾರ್ಟ್ರಿಡ್ಜ್

ನಮ್ಮ ಮನೆಯಲ್ಲಿ ಗ್ರಾಮಫೋನ್ ಪ್ಲೇಟಿನ ಕೊನೆಯ ಹಾಡನ್ನು ಯಾರೂ ಪೂರ್ತಿ ಕೇಳುತ್ತಿರಲಿಲ್ಲ. ಮೊದಲ ಎರಡು ಹಾಡು ಚೆನ್ನಾಗಿ ಬರುತ್ತಿದ್ದವು. ಮುಳ್ಳು ಲೇಬಲ್ ಹತ್ತಿರ ಹೋದ ಹಾಗೆ ಪಿ.ಬಿ. ಶ್ರೀನಿವಾಸ್ ಅವರ ‘ಸ’, ‘ಶ’ ಎಲ್ಲ ಬಟ್ಟೆ ಹರಿದ ಹಾಗೆ ಕೇಳುತ್ತಿತ್ತು. ಅಮ್ಮ ಅಡುಗೆಮನೆಯಿಂದಲೇ “ಸಾಕು, ಆ ಕಡೆ ತಿರುಗಿಸಿ ಹಾಕೋ” ಅನ್ನುತ್ತಿದ್ದರು. ಪ್ಲೇಟು ಸವೆದಿದೆ ಅಂತಲೇ ನಂಬಿಕೊಂಡಿದ್ದೆವು.

ನನ್ನದು ಹಳೆಯ ಟೆಕ್ನಿಕ್ಸ್ ಟರ್ನ್‌ಟೇಬಲ್, ಅಂದರೆ ಪ್ಲೇಟು ತಿರುಗಿಸುವ ಯಂತ್ರ. ಮೂಡಿಗೆರೆಯಲ್ಲಿ ದೊಡ್ಡಪ್ಪನ ತೋಟದ ಮನೆಯಲ್ಲಿತ್ತು, ಈಗ ಚಿಕ್ಕಮಗಳೂರಿನ ನಮ್ಮ ಮನೆಗೆ ಬಂದಿದೆ. ಅದಕ್ಕೆ ಹಾಕಿದ್ದು ಆಡಿಯೋ-ಟೆಕ್ನಿಕಾ ಎಟಿ3600ಎಲ್ ಕಾರ್ಟ್ರಿಡ್ಜ್. ಕಾರ್ಟ್ರಿಡ್ಜ್ ಅಂದರೆ ತೋಳಿನ ತುದಿಯಲ್ಲಿ ಮುಳ್ಳು ಹಿಡಿದಿರುವ ಪುಟ್ಟ ಡಬ್ಬಿ. ಅಗ್ಗದ್ದು, ಗಟ್ಟಿಮುಟ್ಟಾದದ್ದು, ಮುಳ್ಳು ಪ್ಲೇಟಿನ ಮೇಲೆ ಸುಮಾರು 3 ಗ್ರಾಂ ಭಾರ ಕೇಳುತ್ತದೆ. ಅದನ್ನು ಬೈಯಲು ನನಗೆ ಮನಸ್ಸಿಲ್ಲ. ಆದರೆ ಅದರ ಮುಳ್ಳಿನ ತುದಿ ದುಂಡಗಿದೆ, ತೊಂದರೆ ಅಲ್ಲಿದೆ. ಎಲ್‌ಪಿ, ಅಂದರೆ ದೊಡ್ಡ ಪ್ಲೇಟು, ಹೊರಗಡೆ ಒಂದು ಸುತ್ತು ಸುತ್ತಿದರೆ ಸುಮಾರು 90 ಸೆಂಟಿಮೀಟರ್ ಗೆರೆ ಸಿಗುತ್ತದೆ. ಲೇಬಲ್ ಪಕ್ಕದಲ್ಲಿ ಅದೇ ಒಂದು ಸುತ್ತಿಗೆ 40 ಸೆಂಟಿಮೀಟರ್ ಕೂಡ ಇಲ್ಲ. ಅಷ್ಟೇ ಹಾಡು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಿಕೊಂಡಿರುತ್ತದೆ. ಆ ಸಣ್ಣ ಸಣ್ಣ ತಿರುವುಗಳೊಳಗೆ ದುಂಡು ತುದಿ ಇಳಿಯುವುದಿಲ್ಲ.

ಹಾಗಾಗಿ ಅದೇ ಕಂಪನಿಯ ಎಟಿ-ವಿಎಂ95ಇ ಕಾರ್ಟ್ರಿಡ್ಜ್ ತರಿಸಿದೆ. ನಮ್ಮೂರಿನಲ್ಲಿ ಸಿಗಲಿಲ್ಲ, ಬೆಂಗಳೂರಿನಿಂದ ಕೊರಿಯರ್‌ನಲ್ಲಿ ಬಂತು. ಸುಮಾರು ಆರು ಸಾವಿರ ಬಿತ್ತು. ಇದರ ತುದಿ ಮೊಟ್ಟೆಯಾಕಾರದ್ದು, 0.3 × 0.7 ಮಿಲ್. ಮಿಲ್ ಅಂದರೆ ಅಂಗುಲದ ಸಾವಿರದಲ್ಲಿ ಒಂದು ಪಾಲು.

ಕೊಳ್ಳುವ ಮೊದಲು ಹಾಸನದ ಗೆಳೆಯರ ಮನೆಯಲ್ಲಿ ಇನ್ನೊಂದು ಕಂಪನಿಯ ಕಾರ್ಟ್ರಿಡ್ಜ್ ಆರ್ಟೋಫೋನ್ 2ಎಂ ರೆಡ್ ಕೂಡ ಕೇಳಿದ್ದೆ. ಮೊದಲ ಸಲ ಕೇಳಿದಾಗ ಅದೇ ಮೇಲು ಅನ್ನಿಸಿತು. ಆಮೇಲೆ ಗೊತ್ತಾಯಿತು, ಅದರ ಔಟ್‌ಪುಟ್ 5.5 ಮಿಲಿವೋಲ್ಟ್, ವಿಎಂ95ಇಯದು 4. ಸದ್ದು ಜಾಸ್ತಿ ಇದ್ದದ್ದು ಕಿವಿಗೆ ಚೆನ್ನಾಗಿಯೇ ಕೇಳುತ್ತದೆ, ಅಲ್ವಾ? ವಾಲ್ಯೂಮ್ ಸಮ ಮಾಡಿಕೊಂಡು ಕೇಳಿದ ಮೇಲೆ, ಜಾಸ್ತಿ ದುಡ್ಡು ಕೊಡುವಷ್ಟು ವ್ಯತ್ಯಾಸ ನನಗೆ ಕಾಣಲಿಲ್ಲ.

ಹೊಸದನ್ನು ಕೂರಿಸುವ ಮೊದಲು ಹಳೆಯದನ್ನು ಒಮ್ಮೆ ಅಳೆದು ನೋಡಿದೆ. ಟೆಕ್ನಿಕ್ಸ್ ಲೆಕ್ಕದಲ್ಲಿ ಹೆಡ್‌ಶೆಲ್ಲಿನ (ಕಾರ್ಟ್ರಿಡ್ಜ್ ಕೂರಿಸುವ, ತೋಳಿನ ತುದಿಯ ಹಿಡಿಕೆ) ರಬ್ಬರ್ ವಾಷರ್‌ನಿಂದ ಮುಳ್ಳಿನ ತುದಿಗೆ 52 ಮಿಲಿಮೀಟರ್ ಇರಬೇಕು. ನನ್ನದರಲ್ಲಿ ಇದ್ದದ್ದು 49! ವರ್ಷಗಳ ಹಿಂದೆ ಒಂದು ಅಂಗಡಿಯಲ್ಲಿ ದುಡ್ಡು ಕೊಟ್ಟು ಸೆಟ್ ಮಾಡಿಸಿಕೊಂಡು ಬಂದಿದ್ದೆ. ಅವರು ಅಳತೆ ನೋಡಿಯೇ ಇರಲಿಲ್ಲ. ಸ್ಕ್ರೂ ಸಡಿಲಿಸಿ ಮುಂದಕ್ಕೆ ಸರಿಸಿದೆ. ಅರ್ಧ ಕರಕರ ಅಲ್ಲೇ ಹೋಯಿತು. ಅದಕ್ಕೇ ಹೇಳುತ್ತೇನೆ, ಹೊಸದಕ್ಕೆ ದುಡ್ಡು ಹಾಕುವ ಮೊದಲು ಸ್ಕೇಲ್ ಹಿಡಿದು ನೋಡಿ.

ಉಳಿದ ಅರ್ಧ ಹೋದದ್ದು ಹೊಸ ಮುಳ್ಳಿನಿಂದ. ವಿಎಂ95ರ ಬಾಡಿಯಲ್ಲೇ ಸ್ಕ್ರೂ ತಿರುಗಿಸಿ ಕೂರಿಸುವ ತಿರುಪಿನ ತೂತು ಇದೆ, ನಟ್ಟು ಹಿಡಿದುಕೊಂಡು ಒದ್ದಾಡಬೇಕಿಲ್ಲ. ನಾಲ್ಕು ತಂತಿಗಳಲ್ಲಿ ಬಿಳಿ, ನೀಲಿ ಎಡ ಸ್ಪೀಕರಿಗೆ. ಕೆಂಪು, ಹಸಿರು ಬಲಕ್ಕೆ. ಭಾರ 2 ಗ್ರಾಂ ಇರಬೇಕು. ತೋಳಿನ ಹಿಂದಿನ ಗುಂಡಿನಲ್ಲಿ 2 ಅಂತ ಬಂದರೂ ನನಗೆ ಸಮಾಧಾನ ಆಗಲಿಲ್ಲ. ಚಿನ್ನದ ಕೆಲಸ ಮಾಡುವ ಗೆಳೆಯ ಸಂಜೆ ಅಂಗಡಿ ಮುಚ್ಚಿದ ಮೇಲೆ ತನ್ನ ಪುಟ್ಟ ತಕ್ಕಡಿ ಹಿಡಿದುಕೊಂಡು ಬಂದ. ಮುಳ್ಳು ಇಳಿಸುತ್ತಿದ್ದ ಹಾಗೆ ತೋಳು ತಟಕ್ಕನೆ ಕೆಳಗೆ ಎಳೆದುಕೊಂಡಿತು. ನನ್ನ ಎದೆ ಧಸಕ್ಕೆಂದಿತು. ಕಾರ್ಟ್ರಿಡ್ಜ್ ಒಳಗೆ ಅಯಸ್ಕಾಂತ ಇದೆ, ತಕ್ಕಡಿಯ ತಟ್ಟೆ ಸ್ಟೀಲಿನದು! ಪುಣ್ಯಕ್ಕೆ ಮುಳ್ಳಿಗೆ ಏನೂ ಆಗಲಿಲ್ಲ. ತಟ್ಟೆಯ ಮೇಲೆ ಪ್ಲಾಸ್ಟಿಕ್ ಮುಚ್ಚಳ ಬೋರಲು ಹಾಕಿ, ಮತ್ತೆ ಸೊನ್ನೆ ಮಾಡಿಕೊಂಡು ತೂಗಿದೆವು. 1.7 ಬಂತು. ಗುಂಡು ಸ್ವಲ್ಪ ಸ್ವಲ್ಪವೇ ತಿರುಗಿಸಿ 2ಕ್ಕೆ ತಂದೆವು.

ಆ ರಾತ್ರಿ ಕೊನೆಯ ಹಾಡು ಹಾಕಿದೆ. ಅಮ್ಮ ಸೌಟು ಕೈಯಲ್ಲೇ ಹಿಡಿದು ಬಾಗಿಲಿಗೆ ಬಂದು ನಿಂತರು. “ಈಗ ಮಾತು ಬಿಡಿಸಿ ಕೇಳ್ತಾ ಇದೆ ಕಣೋ” ಅಂದರು. ಹಾಡು ಮುಗಿಯುವ ತನಕ ಅಲ್ಲೇ ನಿಂತಿದ್ದರು.

ಕೊರತೆಯೂ ಇದೆ. ಮೊಟ್ಟೆ ತುದಿಗೆ ಧೂಳು ಜಾಸ್ತಿ ಕೇಳುತ್ತದೆ. ನಮ್ಮ ಮಳೆಗಾಲದಲ್ಲಿ ಪ್ಲೇಟಿಗೆ ಬೂಷ್ಟು ಹಿಡಿಯುತ್ತದೆ, ತೊಳೆಯದೆ ಹಾಕಿದರೆ ಹಳೆಯ ಮುಳ್ಳಿಗಿಂತ ಚಟಪಟ ಹೆಚ್ಚು. ಮುಳ್ಳಿನ ಆಯಸ್ಸು ಕಂಪನಿ ಲೆಕ್ಕದಲ್ಲಿ 300 ಗಂಟೆ, ಅಂದರೆ ದಿನಕ್ಕೊಂದು ಎಲ್‌ಪಿ ಕೇಳಿದರೆ ಒಂದೂಕಾಲು ವರ್ಷ. ಆಮೇಲೆ ಮುಳ್ಳು ಮಾತ್ರ ಬದಲಿಸಿದರೆ ಸಾಕು. ಕಾರ್ಟ್ರಿಡ್ಜ್ ಅಂಟಿಕೊಂಡೇ ಬರುವ ಎಲ್‌ಪಿ60ಯಂಥ ಟರ್ನ್‌ಟೇಬಲ್ ಇದ್ದವರಿಗೆ ಇದು ಹೊಂದುವುದಿಲ್ಲ, ಸುಮ್ನೆ ತರಿಸಬೇಡಿ.

ಇದೇ ಬಾಡಿಗೆ 78ರ, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಪ್ಲೇಟುಗಳಿಗಾಗಿ 3 ಮಿಲ್‌ನ ದಪ್ಪ ಮುಳ್ಳೂ ಸಿಗುತ್ತದೆ, ಹೆಸರು ವಿಎಂ95ಎಸ್‌ಪಿ. ದೊಡ್ಡಪ್ಪನ ಟ್ರಂಕಿನಲ್ಲಿ 78ರವು ಹದಿನಾಲ್ಕು ಇವೆ. ನನ್ನ ಟೆಕ್ನಿಕ್ಸ್ ಓಡುವುದು 33, 45ಕ್ಕೆ ಮಾತ್ರ. 78 ಓಡಿಸುವ ಟರ್ನ್‌ಟೇಬಲ್ ಹುಡುಕುತ್ತಿದ್ದೇನೆ.