ಬೋರು ಕೊರೆಯಬೇಡಿ ಎಂದ ಸರ್ವೆ: ನನ್ನ ರಿವ್ಯೂ

ಸರಕಾರದ ಅಂತರ್ಜಲ ಸರ್ವೆಯ ಮೂರು ಪುಟದ ಒಂದು ರಿಪೋರ್ಟು ನನ್ನ ಮೇಜಿನ ಮೇಲೆ ಉಂಟು. ಅದರ ಕೊನೆಯ ಸಾಲಿನ ಅರ್ಥ ಇಷ್ಟೇ: ಈ ಜಾಗದಲ್ಲಿ ಬೋರ್‌ವೆಲ್ಲಿಗೆ ಶಿಫಾರಸು ಇಲ್ಲ. ಫೀಸು ಕಟ್ಟಿ, ಎರಡು ತಿಂಗಳು ಕಾದು, ನಾಲ್ಕು ಸಲ ಬಸ್ಸು ಹತ್ತಿ ಹೋಗಿ ನಾನು ತಂದದ್ದು ಈ "ಇಲ್ಲ". ಮನೆಯಲ್ಲಿ ಎಲ್ಲರೂ ನಕ್ಕರು. ಆದರೂ ಐದರಲ್ಲಿ ನಾಲ್ಕು ಸ್ಟಾರು ಕೊಡುತ್ತೇನೆ. ಯಾಕೆ ಎಂದು ಹೇಳುತ್ತೇನೆ ಕೇಳಿ.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪಂಚಾಯತು. ಎರಡು ಎಕರೆ ಅಡಿಕೆ ತೋಟ, ಹಿಂದೆ ಗುಡ್ಡೆ, ಮುಂದೆ ತೋಡು. ಮಳೆಗಾಲದಲ್ಲಿ ತೋಡಿನ ಸದ್ದಿಗೆ ಫೋನಿನಲ್ಲಿ ಮಾತಾಡಲಿಕ್ಕೆ ಆಗುವುದಿಲ್ಲ. ಏಪ್ರಿಲಿನಲ್ಲಿ ಅದೇ ತೋಡಿನಲ್ಲಿ ಮಕ್ಕಳು ಕ್ರಿಕೆಟ್ ಆಡುತ್ತಾರೆ. ವರ್ಷಕ್ಕೆ ಸುಮಾರು 3500 ಮಿಲ್ಲಿಮೀಟರ್ ಮಳೆ ಬೀಳುವ ಜಿಲ್ಲೆ ಇದು. ಹಾಗಿದ್ದೂ ವಿಷು ಕಳೆಯಿತು ಎಂದರೆ ಬಾವಿಯ ತಳ ಕಾಣುತ್ತದೆ. ಮೊದಲ ಸಲ ಕೇಳಿದವರಿಗೆ ಇದು ಅರ್ಥ ಆಗುವುದೇ ಇಲ್ಲ.

ಕಳೆದ ವರ್ಷ ಪಂಪು ಇಪ್ಪತ್ತು ನಿಮಿಷಕ್ಕೇ ಗಾಳಿ ಎಳೆಯಲು ಶುರು ಮಾಡಿತು. ಬೋರು ಹಾಕಿಸುವುದೇ ಸರಿ ಎಂದುಕೊಂಡೆ. ನಮ್ಮಲ್ಲಿ ಬೋರಿಗೆ ಮೊದಲು ನೀರು ನೋಡುವವರನ್ನು ಕರೆಯುವುದು ಕ್ರಮ. ಅವರು ಬಂದರು. ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ತೋಟ ಇಡೀ ನಡೆದರು. ಹಟ್ಟಿಯ ಹತ್ತಿರ ಕಾಯಿ ಎದ್ದು ನಿಂತಿತು. "ಇನ್ನೂರೈವತ್ತು ಅಡಿಗೆ ಎರಡು ಇಂಚು ನೀರು" ಎಂದರು. ಚಾ ಕುಡಿದು, ದಕ್ಷಿಣೆ ತೆಗೆದುಕೊಂಡು ಹೋದರು. ಇದೇ ಮಾತನ್ನು ಅವರು ಮೇಲಿನ ಮನೆಯ ಅಣ್ಣನಿಗೂ ಹೇಳಿದ್ದರು. ಅಣ್ಣ 480 ಅಡಿ ಕೊರೆಸಿದರು. ಬಂದದ್ದು ಬರೀ ಬಿಳಿ ಧೂಳು. ಆ ಧೂಳು ಎರಡು ವಾರ ನಮ್ಮ ಅಡಿಕೆ ಸೋಗೆಯ ಮೇಲೆ ಕೂತಿತ್ತು.

ಹಾಗಾಗಿ ಸರಕಾರದ ಸರ್ವೆಗೆ ಅರ್ಜಿ ಹಾಕಿದೆ. ಯಾವ ಕಚೇರಿ ಎಂದು ಹೆಸರು ಹಾಕುವುದಿಲ್ಲ. ಕೆಲವು ಮಾತು ದೂರಿನ ಹಾಗೆ ಕೇಳಬಹುದು, ಅಲ್ಲಿಯ ಕೆಲಸದವರು ಒಳ್ಳೆಯವರೇ. ಅಲ್ಲಿ ಫೋನು ಎತ್ತುವುದಿಲ್ಲ. ಅರ್ಜಿಯ ಫಾರ್ಮು ಕನ್ನಡದಲ್ಲಿ ಇರಲಿಲ್ಲ. ಕೇಳಿದ್ದಕ್ಕೆ ಮಲಯಾಳದಲ್ಲಿ "ತೀರ್ನ್ನುಪೋಯಿ", ಮುಗಿದು ಹೋಯಿತು ಎಂದರು. ಕಾಸರಗೋಡಿನಲ್ಲಿ ಕನ್ನಡದ ಫಾರ್ಮು ನಾನು ಸಣ್ಣವನಿದ್ದಾಗಿನಿಂದ ಮುಗಿದೇ ಹೋಗುತ್ತಿದೆ, ಯಾವತ್ತು ಬಂದಿತ್ತು ಎಂದು ಯಾರೂ ನೋಡಿದ್ದಿಲ್ಲ. ಒಂದು ಸ್ಟಾರು ಕಡಿಮೆ ಆದದ್ದು ಇದಕ್ಕೇ. ಫೀಸು ಜೇಬಿಗೆ ಭಾರ ಆಗಲಿಲ್ಲ.

ಇನ್ನು ಸರ್ವೆಯ ದಿನ. ಜೀಪಿನಿಂದ ಇಳಿದದ್ದು ಒಬ್ಬರು ಮೇಡಂ, ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವರು ಇರಬಹುದು, ಮತ್ತೆ ಇಬ್ಬರು ಸಹಾಯಕರು. ಒಂದು ಪೆಟ್ಟಿಗೆ, ನಾಲ್ಕು ಕಬ್ಬಿಣದ ಗೂಟ, ವಯರಿನ ಸುರುಳಿ. ಮೇಡಂ ಮೊದಲು ಯಂತ್ರ ತೆಗೆಯಲಿಲ್ಲ. ಬಾವಿಗೆ ಟೇಪು ಇಳಿಸಿ ನೀರು ಎಷ್ಟು ಆಳದಲ್ಲಿ ಉಂಟು ಎಂದು ನೋಡಿದರು. ಬಾವಿಯ ಗೋಡೆಯನ್ನು ಟಾರ್ಚು ಹಾಕಿ ನೋಡಿದರು. ಮೇಲೆ ಮುರಕಲ್ಲು, ಅಂದರೆ ಜಂಬಿಟ್ಟಿಗೆ ಕಲ್ಲು, ಅದರ ಕೆಳಗೆ ಬಿಳಿ, ಗುಲಾಬಿ ಬಣ್ಣದ ಮೆತ್ತಗಿನ ಜೇಡಿ. "ಚೇಟ್ಟಾ, ನಿಮ್ಮ ನೀರಿನ ಕಥೆ ಇಲ್ಲೇ ಉಂಟು" ಎಂದರು, ಮಲಯಾಳದಲ್ಲಿ.

ಕಥೆ ಹೀಗೆ. ಮುರಕಲ್ಲು ನೋಡಲಿಕ್ಕೆ ಗಟ್ಟಿ, ಒಳಗೆ ತೂತು ತೂತು. ಮಳೆ ನೀರು ಬೇಗ ಇಳಿಯುತ್ತದೆ, ಅಷ್ಟೇ ಬೇಗ ಪಕ್ಕಕ್ಕೆ ಹರಿದು ತೋಡಿಗೆ, ತೋಡಿನಿಂದ ಹೊಳೆಗೆ, ಹೊಳೆಯಿಂದ ಸಮುದ್ರಕ್ಕೆ. ಅಡಿಯ ಜೇಡಿ ನೀರನ್ನು ಹಿಡಿದುಕೊಳ್ಳುತ್ತದೆ, ಸುಲಭಕ್ಕೆ ಬಿಟ್ಟು ಕೊಡುವುದಿಲ್ಲ. ನಮ್ಮ ಬಾವಿಗಳು ಬದುಕುವುದು ಮುರಕಲ್ಲು ಮತ್ತು ಜೇಡಿಯ ನಡುವೆ ನಿಧಾನಕ್ಕೆ ಜಾರಿ ಬರುವ ನೀರಿನಲ್ಲಿ. ಇದರ ಕೆಳಗೆ ಕಗ್ಗಲ್ಲು. ಕಗ್ಗಲ್ಲಿನಲ್ಲಿ ಬಿರುಕು ಇದ್ದರೆ ಬೋರಿಗೆ ನೀರು, ಇಲ್ಲದಿದ್ದರೆ ಅಣ್ಣನ ಬಿಳಿ ಧೂಳು.

ಬಿರುಕು ಉಂಟಾ ಎಂದು ನೋಡಲಿಕ್ಕೆ ಗೂಟ. ಹೊರಗಿನ ಎರಡು ಗೂಟದಿಂದ ನೆಲಕ್ಕೆ ಕರೆಂಟು ಬಿಡುತ್ತಾರೆ. ಒಳಗಿನ ಎರಡರಲ್ಲಿ ವೋಲ್ಟೇಜು ಅಳೆಯುತ್ತಾರೆ. ಹೊರಗಿನ ಗೂಟ ದೂರ ದೂರ ಹೋದ ಹಾಗೆ ಕರೆಂಟು ಆಳಕ್ಕೆ ಹೋಗುತ್ತದೆ. ಒಣ ಮುರಕಲ್ಲು ಕರೆಂಟನ್ನು ತಡೆಯುತ್ತದೆ, ಜೇಡಿ ಬಿಟ್ಟುಕೊಡುತ್ತದೆ, ಗಟ್ಟಿ ಬಂಡೆ ಮತ್ತೆ ತಡೆಯುತ್ತದೆ. ಈ ತಡೆಯನ್ನು ಗ್ರಾಫಿನಲ್ಲಿ ಹಾಕಿದರೆ ಕೆಳಗೆ ಏನು ಉಂಟು ಎಂದು ಅಂದಾಜು ಸಿಗುತ್ತದೆ. ಅಂದಾಜು ಎನ್ನುವ ಮಾತನ್ನು ಮೇಡಂ ನಾಲ್ಕು ಸಲ ಹೇಳಿದರು. ತೆಂಗಿನಕಾಯಿಯವರು ಒಂದು ಸಲವೂ ಹೇಳಿರಲಿಲ್ಲ.

ಒಂದು ತಮಾಷೆ. ಬೇಸಗೆಯಲ್ಲಿ ನೆಲ ಒಣಗಿ ಗೂಟಕ್ಕೂ ಮಣ್ಣಿಗೂ ಸಂಪರ್ಕ ಸಿಗುವುದಿಲ್ಲ. ಗೂಟದ ಬುಡಕ್ಕೆಲ್ಲ ಉಪ್ಪು ನೀರು ಹೊಯ್ಯಬೇಕು. ಅಮ್ಮ ಕೊಡಪಾನ ಹಿಡಿದುಕೊಂಡು ಜಗಲಿಯಲ್ಲಿ ನಿಂತು, "ಇದ್ದ ನೀರನ್ನು ನೆಲಕ್ಕೆ ಹೊಯ್ದು ನೀರು ಹುಡುಕುವುದಾ?" ಎಂದು ಕೇಳಿದರು. ಹೊರಗಿನ ಗೂಟ ಮೇಲಿನ ಅಣ್ಣನ ತೋಟದೊಳಗೆ ಹೋದಾಗ ಅವರು ಕತ್ತಿ ಹಿಡಿದುಕೊಂಡೇ ಓಡಿ ಬಂದರು. ಹೈಟೆನ್ಷನ್ ಲೈನಿನವರು ಟವರಿಗೆ ಗುರುತು ಹಾಕುತ್ತಿದ್ದಾರೆ ಎಂದು ಗ್ರಹಿಸಿದ್ದರಂತೆ.

ಎರಡು ಕಡೆ ಅಳೆದರು. ಎರಡು ಕಡೆಯೂ ಗ್ರಾಫಿನ ಗೆರೆ ಮೊದಲು ಇಳಿದು, ಆಮೇಲೆ ನಿಲ್ಲದೆ ಮೇಲಕ್ಕೆ ಹೋಯಿತು. ಎಲ್ಲೂ ಬಳುಕಲಿಲ್ಲ. ಬಳುಕಿದ್ದರೆ ಬಂಡೆಯಲ್ಲಿ ಬಿರುಕು ಇರುವ ಸಾಧ್ಯತೆ ಇತ್ತು. ಅಲ್ಲಿಗೆ ಮುಗಿಯಿತು. ಬೋರು ಬೇಡ.

ಈ ಮೇಡಂ ನನ್ನನ್ನು ಸಮಾಧಾನ ಮಾಡಲಿಕ್ಕೆ ಪ್ರಯತ್ನ ಮಾಡಲಿಲ್ಲ. ಅದು ನನಗೆ ಹಿಡಿಸಿತು. ಬೋರಿನ ಏಜೆಂಟರು ಯಾರೂ "ಬೇಡ" ಎಂದು ಹೇಳುವುದಿಲ್ಲ, ಅಲ್ವಾ? ಅವರಿಗೆ ಅಡಿ ಲೆಕ್ಕದಲ್ಲಿ ದುಡ್ಡು. ನೀರು ಸಿಕ್ಕದಿದ್ದರೆ "ಇನ್ನೂ ಐವತ್ತಡಿ ನೋಡುವ" ಎನ್ನುತ್ತಾರೆ. ಇವರಿಗೆ ನನ್ನ ನೆಲ ತೂತು ಆದರೂ ಆಗದಿದ್ದರೂ ಸಂಬಳ ಒಂದೇ. ಸರಕಾರಿ ಕೆಲಸದ ಬಗ್ಗೆ ನಾವು ಬೈಯುವ ಮಾತೇ ಇದು. ಇಲ್ಲಿ ಮಾತ್ರ ಅದೇ ನನಗೆ ಉಪಕಾರ ಆಯಿತು.

ಹೋಗುವಾಗ ಇನ್ನೊಂದು ವಿಷಯ ಹೇಳಿದರು. ದೇಶದ ಬಾವಿಗಳ ನೀರಿನ ಮಟ್ಟವನ್ನು ಕೇಂದ್ರ ಅಂತರ್ಜಲ ಮಂಡಳಿಯವರು ವರ್ಷಕ್ಕೆ ನಾಲ್ಕು ಸಲ ಅಳೆಯುತ್ತಾರೆ. ಆ ಲೆಕ್ಕದಿಂದ ಬ್ಲಾಕುಗಳನ್ನು, ಅಂದರೆ ಕೆಲವು ಪಂಚಾಯತು ಸೇರಿದ ವಿಭಾಗಗಳನ್ನು, ವಿಂಗಡಿಸುತ್ತಾರೆ. ನೆಲದೊಳಗಿಂದ ವರ್ಷಕ್ಕೆ ತೆಗೆಯಬಹುದಾದ ನೀರಿನಲ್ಲಿ ಶೇಕಡಾ 90ರಿಂದ 100ರಷ್ಟು ತೆಗೆದು ಮುಗಿಸುತ್ತಿದ್ದರೆ ಅದು ಕ್ರಿಟಿಕಲ್. 2017ರ ಲೆಕ್ಕದಲ್ಲಿ ನಮ್ಮ ಕಾಸರಗೋಡು ಬ್ಲಾಕು ಕ್ರಿಟಿಕಲ್. ಇದನ್ನು ಕೇಳಿ ನನಗೆ ನಾಚಿಕೆ ಆಯಿತು. ಇಷ್ಟು ಮಳೆ ಇಟ್ಟುಕೊಂಡು ನಾವು ಈ ಪಟ್ಟಿಗೆ ಸೇರಿದ್ದು.

ರಿಪೋರ್ಟಿನಲ್ಲಿ ಎರಡು ಸಲಹೆ ಇತ್ತು. ಒಂದು, ಮಾಡಿನ, ಅಂದರೆ ಮನೆಯ ಛಾವಣಿಯ, ನೀರನ್ನು ಸೋಸಿ ಬಾವಿಗೆ ಬಿಡುವುದು. ತ್ರಿಶ್ಶೂರಿನಲ್ಲಿ 2008ರಿಂದ ಮಳಪ್ಪೊಲಿಮ ಎಂಬ ಯೋಜನೆಯಲ್ಲಿ ಮನೆ ಮನೆಯಲ್ಲಿ ಹೀಗೆ ಮಾಡಿಸಿದ್ದಾರೆ. ನಾನು ಲೆಕ್ಕ ಹಾಕಿದೆ. ನಮ್ಮ ಮಾಡು 120 ಚದರ ಮೀಟರ್. 3500 ಮಿಲ್ಲಿಮೀಟರ್ ಮಳೆಗೆ 4 ಲಕ್ಷ 20 ಸಾವಿರ ಲೀಟರು. ಡ್ರಿಪ್ಪಿನಲ್ಲಿ ಅಡಿಕೆ ಮರಕ್ಕೆ ದಿನಕ್ಕೆ 20 ಲೀಟರು ಹಿಡಿದರೆ 500 ಮರಕ್ಕೆ 42 ದಿವಸದ ನೀರು! ಕುಣಿಯುವುದೊಂದು ಬಾಕಿ. ಆಮೇಲೆ ನೆನಪಾಯಿತು, ಜೂನಿನಲ್ಲಿ ಬಾವಿಗೆ ಬಿಟ್ಟ ನೀರು ಏಪ್ರಿಲಿನವರೆಗೆ ನನಗಾಗಿ ಕಾದು ಕೂರುವುದಿಲ್ಲ. ತೂತಿನ ಮುರಕಲ್ಲಿನಲ್ಲಿ ಅದೂ ಜಾರುತ್ತದೆ. ಆದರೂ ಮಾಡಿನಿಂದ ಬಾವಿಗೆ ಪೈಪು ಹಾಕಿಸಿದೆ. ಕೆಳಗಿನ ಮನೆಯ ಅಕ್ಕ, "ನಮ್ಮ ಬಾವಿಯಲ್ಲಿ ಈ ಸಲ ನೀರು ಜಾಸ್ತಿ" ಎಂದರು. ನಮ್ಮ ಬಾವಿ ಕಳೆದ ಸಲಕ್ಕಿಂತ ಎರಡು ವಾರ ಹೆಚ್ಚು ಬಂತು. ಪೈಪಿನಿಂದಲೋ, ನಡುವೆ ಬಿದ್ದ ಮಳೆಯಿಂದಲೋ, ಒಂದು ವರ್ಷದಲ್ಲಿ ಹೇಳಲಿಕ್ಕೆ ಆಗುವುದಿಲ್ಲ.

ಎರಡನೆಯ ಸಲಹೆ ಸುರಂಗ. ನಮ್ಮ ಗುಡ್ಡೆಯಲ್ಲಿ ದೊಡ್ಡಪ್ಪನ ಕಾಲದ ಒಂದು ಸುರಂಗ ಉಂಟು. ಗೊತ್ತಿಲ್ಲದವರಿಗೆ: ಬಾವಿಯನ್ನು ಕೆಳಕ್ಕೆ ತೋಡುವ ಬದಲು ಗುಡ್ಡೆಯ ಹೊಟ್ಟೆಗೆ ಅಡ್ಡಕ್ಕೆ ತೋಡುವುದು. ಒಬ್ಬ ಮನುಷ್ಯ ನಡೆಯುವಷ್ಟೇ ಅಗಲ. ಒಳಗೆ ಮೇಣದ ಬತ್ತಿ ಹಚ್ಚಿ ಇಡುತ್ತಾರೆ, ಅದು ಆರಿತು ಎಂದರೆ ಗಾಳಿ ಇಲ್ಲ, ಹೊರಗೆ ಬರಬೇಕು. ನೀರು ತಾನಾಗಿ ಹೊರಗೆ ಹರಿಯುತ್ತದೆ. ಕರೆಂಟೂ ಬೇಡ, ಪಂಪೂ ಬೇಡ. ಪಂಪು ಬಂದ ಮೇಲೆ ನಾವು ಅದನ್ನು ಮರೆತೆವು. ಬಾಯಿಯಲ್ಲಿ ಮಣ್ಣು ತುಂಬಿ, ಒಳಗೆ ಬಾವಲಿ. ಕೆಲಸ ಗೊತ್ತಿದ್ದ ಒಬ್ಬ ಅಜ್ಜನನ್ನು ಹುಡುಕಿ ತಂದು ಮಣ್ಣು ತೆಗೆಸಿದೆ. ಈಗ ಬೆರಳಿನ ದಪ್ಪಕ್ಕೆ ನೀರು ಬರುತ್ತದೆ. ತೋಟಕ್ಕೆ ಸಾಲದು. ಮನೆಗೆ ಮತ್ತು ದನಗಳಿಗೆ ಆಗಿ ಮಿಗುತ್ತದೆ.

ಸುರಂಗ ನೋಡಲು ಗುಡ್ಡೆ ಹತ್ತಿದಾಗಲೇ ಮೇಡಂ ನಿಂತರು. ಮನೆಯ ಹಿಂದೆ ಕಾರು ಶೆಡ್ಡಿಗೆ ನಾನು ಜೆಸಿಬಿ ತರಿಸಿ ಬರೆ, ಅಂದರೆ ಗುಡ್ಡೆಯ ಬದಿ, ಕಡಿಸಿದ್ದೆ, ಮೂರಾಳು ಎತ್ತರ, ನೆಟ್ಟಗೆ. ಅದರ ಮೇಲೆ ನೆಲದಲ್ಲಿ ಒಂದು ಗೆರೆ, ಬೆರಳು ಹೋಗುವಷ್ಟು. ಬೇಸಗೆಯ ಬಿರುಕು ಎಂದುಕೊಂಡಿದ್ದೆ. ಅವರು ಗೆರೆ ಹಿಡಿದು ನಡೆದರು. ಅದು ಕಮಾನಿನ ಹಾಗೆ ಬಾಗಿ ಬರೆಯ ಎರಡು ತುದಿಗೆ ಸೇರುತ್ತಿತ್ತು. ಒಣಗಿದ ಬಿರುಕು ಹೀಗೆ ಬಾಗುವುದಿಲ್ಲವಂತೆ. "ಇದು ನನ್ನ ಕೆಲಸ ಅಲ್ಲ, ಆದರೆ ಹೇಳದೆ ಹೋಗಲಿಕ್ಕೆ ಆಗುವುದಿಲ್ಲ" ಎಂದರು. ಗೆರೆಯ ಎರಡು ಬದಿಗೆ ಒಂದೊಂದು ಗೂಟ ಹೊಡೆದು ನಡುವಿನ ಅಂತರ ವಾರಕ್ಕೊಮ್ಮೆ ಅಳೆಯಿರಿ, ಗೆರೆಯೊಳಗೆ ಮಳೆ ನೀರು ಇಳಿಯದ ಹಾಗೆ ಜೇಡಿ ತುಂಬಿ, ಮೇಲೆ ಚರಂಡಿ ತೆಗೆದು ನೀರನ್ನು ಬದಿಗೆ ಬಿಡಿ ಎಂದರು. ಒರತೆಯ ನೀರು ಫಕ್ಕನೆ ಕೆಂಪಾದರೆ ಅಥವಾ ನಿಂತರೆ ಮನೆ ಬಿಡಬೇಕು, ಕಾರಣ ಹುಡುಕುತ್ತಾ ಕೂರಬಾರದು.

ಗಟ್ಟಿ ಮುರಕಲ್ಲಿನ ಅಡಿಯ ಜೇಡಿಯನ್ನು ನೀರು ಒಳಗಿಂದಲೇ ತೊಳೆದು ಕೊಳವೆ ಮಾಡುವುದೂ ಉಂಟಂತೆ. ತಿರುವನಂತಪುರದ ರಾಷ್ಟ್ರೀಯ ಭೂವಿಜ್ಞಾನ ಅಧ್ಯಯನ ಕೇಂದ್ರದವರು ಇಡುಕ್ಕಿ, ಕಣ್ಣೂರಿನ ಜೊತೆ ನಮ್ಮ ಜಿಲ್ಲೆಯಲ್ಲೂ ಇಂಥ ಜಾಗ ಗುರುತಿಸಿದ್ದಾರೆ. ಮೇಲಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಒಂದು ದಿನ ಅಂಗಳ ಕುಸಿಯುತ್ತದೆ, ಅಷ್ಟೇ.

ಆ ರಾತ್ರಿ ನಿದ್ದೆ ಬರಲಿಲ್ಲ. ಮಗಳು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕೋಶ್ ಜಾಲತಾಣ ತೆರೆದು ಭೂಕುಸಿತದ ನಕ್ಷೆ ತೋರಿಸಿದಳು. 1851ರಲ್ಲಿ ಶುರುವಾದ ಸಂಸ್ಥೆ. ಗುಡ್ಡಗಾಡು ಜಾಗಗಳನ್ನೆಲ್ಲ ಹೆಚ್ಚು, ಮಧ್ಯಮ, ಕಡಿಮೆ ಎಂದು ಬಣ್ಣ ಹಾಕಿ ಇಟ್ಟಿದ್ದಾರೆ. ಯಾರು ಬೇಕಾದರೂ ನೋಡಬಹುದು. ದೊಡ್ಡ ಕೆಲಸ, ಒಪ್ಪಬೇಕು. ಆದರೆ ನಕ್ಷೆಯ ಅಳತೆ 1:50,000. ಅಂದರೆ ಒಂದು ಸೆಂಟಿಮೀಟರಿಗೆ ಅರ್ಧ ಕಿಲೋಮೀಟರು. ನನ್ನ ಎರಡು ಎಕರೆ ಅದರಲ್ಲಿ ಎರಡು ಮಿಲ್ಲಿಮೀಟರೂ ಇಲ್ಲ. ಇಳಿಜಾರು ಎಷ್ಟು, ಕಲ್ಲು ಯಾವುದು, ಮೊದಲು ಎಲ್ಲಿ ಕುಸಿದಿದೆ, ಇದೆಲ್ಲ ಅದಕ್ಕೆ ಗೊತ್ತು. ನಾನು ಜೆಸಿಬಿ ತಂದದ್ದು ಗೊತ್ತಿಲ್ಲ. ಪಂಚಾಯತಿನವರಿಗೆ, ರಸ್ತೆ ಮಾಡುವವರಿಗೆ ಇದು ಬೇಕು. ನನ್ನ ಹಾಗಿನವನಿಗೆ ಮನೆ ಹಿಂದೆ ಬಂದು ನಿಂತು ನೋಡುವ ಎರಡು ಕಣ್ಣು ಬೇಕು.

ಭೂಕುಸಿತದ ಮುನ್ಸೂಚನೆ ತಿಳಿಸುವ, ಇದೇ ಸಂಸ್ಥೆಯ ಭೂಸ್ಖಲನ್ ಆ್ಯಪ್ ಮಗಳ ಫೋನಿನಲ್ಲಿ ಉಂಟು. ಕೊಲ್ಕತ್ತದಲ್ಲಿ ರಾಷ್ಟ್ರೀಯ ಭೂಕುಸಿತ ಮುನ್ಸೂಚನಾ ಕೇಂದ್ರದ ಜೊತೆಗೆ 2024ರ ಜುಲೈ 19ಕ್ಕೆ ಅದನ್ನು ಬಿಡುಗಡೆ ಮಾಡಿದ್ದು. ಸರಿಯಾಗಿ ಹನ್ನೊಂದನೆಯ ದಿನ, ಜುಲೈ 30ರ ಬೆಳಗಿನ ಜಾವ, ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿ ಹೋಯಿತು. ಅಮ್ಮ ಆ ದಿನ ಟೀವಿ ಬಂದ್ ಮಾಡಿ ಹಿತ್ತಿಲಿಗೆ ಹೋಗಿ ಬರೆಯನ್ನೇ ನೋಡುತ್ತಾ ನಿಂತಿದ್ದರು. ನಾನು ಆಗ "ನಮ್ಮದು ವಯನಾಡು ಅಲ್ಲ" ಎಂದು ಬೈದಿದ್ದೆ.

ಬರೆಯನ್ನು ಈಗ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ ಕಡಿಸಿದ್ದೇನೆ. ಕಾರು ಅಂಗಳದಲ್ಲಿ ಬಿಸಿಲಿಗೆ ನಿಂತಿದೆ. ಗೂಟದ ಅಂತರ ಕ್ಯಾಲೆಂಡರಿನ ಭಾನುವಾರದ ಚೌಕದಲ್ಲಿ ಬರೆದಿಡುತ್ತೇನೆ. ಹೊಡೆದ ದಿನ 92 ಸೆಂಟಿಮೀಟರ್. ಮಳೆಗಾಲ ಮುಗಿಯುವಾಗ 92 ಮತ್ತು ಒಂದು ಮಿಲ್ಲಿಮೀಟರಿನ ಗೆರೆ. ಆ ಒಂದು ಗೆರೆ ಟೇಪಿನದ್ದೋ ಗುಡ್ಡೆಯದ್ದೋ ಎಂದು ಇನ್ನೂ ತಲೆಬಿಸಿ.

ಅರ್ಜಿ ಹಾಕುವವರಿಗೆ: ಜನವರಿಯಲ್ಲೇ ಹಾಕಿ. ಏಪ್ರಿಲಿನಲ್ಲಿ ಊರಿಗೆ ಊರೇ ಅಲ್ಲಿರುತ್ತದೆ. ಭೂಮಿಯ ತೆರಿಗೆ ರಶೀದಿಯ ಕಾಪಿ ಎರಡು ತೆಗೆದುಕೊಂಡು ಹೋಗಿ. ಸರ್ವೆಯವರು ಬಂದಾಗ ಹಳೆ ಬಾವಿ, ಬತ್ತಿದ ಬೋರು, ಸುರಂಗ, ಎಲ್ಲಾ ತೋರಿಸಿ. ಯಾವ ತಿಂಗಳು ನೀರು ಎಲ್ಲಿಯವರೆಗೆ ಇಳಿಯುತ್ತದೆ ಎಂದು ಹೇಳಲು ಮನೆಯ ಹಿರಿಯರು ಹತ್ತಿರ ಇರಲಿ. ಅಮ್ಮ ಹೇಳಿದ್ದನ್ನು ಮೇಡಂ ನನ್ನ ಮಾತಿಗಿಂತ ಜಾಸ್ತಿ ಬರೆದುಕೊಂಡರು. ಒಂದು ಕೊಡಪಾನ ನೀರೂ ಇಟ್ಟಿರಿ.

ಮೇಲಿನ ಅಣ್ಣ ಮೊನ್ನೆ ಬಂದು ಮೆಲ್ಲನೆ ಆ ಕಚೇರಿಯ ನಂಬರು ಕೇಳಿದರು. ಎರಡನೆಯ ಬೋರಿಗೆ ಲಾರಿ ಬುಕ್ ಮಾಡಿ ಅಡ್ವಾನ್ಸ್ ಕೊಟ್ಟಾಗಿತ್ತಂತೆ. ನಂಬರು ಕೊಟ್ಟೆ. "ಫೋನು ಎತ್ತುವುದಿಲ್ಲ ಅಣ್ಣ, ಬೆಳಗ್ಗಿನ ಬಸ್ಸಿಗೆ ನೇರ ಹೋಗಿ" ಎಂದೂ ಹೇಳಿದೆ.