ಮ್ಯಾಂಟಿಸ್ ಸಾಕಲು ಸಿದ್ಧ ಪೆಟ್ಟಿಗೆ ಕೊಳ್ಳುತ್ತೀರಾ? ಮೊದಲು ಮುಚ್ಚಳ ಮುಟ್ಟಿ ನೋಡಿ

ತುಮಕೂರಿನ ಅಂಗಡಿಯೊಂದರಲ್ಲಿ 'ಮ್ಯಾಂಟಿಸ್‌ಗೆಂದೇ ಮಾಡಿಸಿದ್ದು' ಎಂದು ನಂಬಿಸಿ ಮಾರಿದ ಅಕ್ರಿಲಿಕ್ ಪೆಟ್ಟಿಗೆಯಲ್ಲಿ, ನಾನು ಮರಿಯಿಂದ ಬೆಳೆಸಿದ ಹಸಿರು ಹೆಣ್ಣು ಮ್ಯಾಂಟಿಸ್ ಕೀಟ ನರಳಿ ಸತ್ತಿತು. ಅದೇ ಪೆಟ್ಟಿಗೆ ಇಂದಿಗೂ ಅಲ್ಲಿ ಮಾರಾಟಕ್ಕಿದೆ. ಮಕ್ಕಳು ಆಸೆಪಟ್ಟರೆಂದು ಅಪ್ಪ ಅಮ್ಮಂದಿರು ಕೊಂಡೊಯ್ಯುತ್ತಿದ್ದಾರೆ. ಇನ್ನೊಂದು ಮನೆಯಲ್ಲಿ ಇದೇ ಆಗಬಾರದೆಂದು ಬರೆಯುತ್ತಿದ್ದೇನೆ.

ನಮ್ಮ ಕಡೆಯ ಹಲವರು ಸೂರ್ಯನ ಕುದುರೆ ಎನ್ನುವ ಈ ಕೀಟ ಬೆಳೆಯುವುದು ಪೊರೆ ಕಳಚುತ್ತಾ. ಪೊರೆ ಬಿಡುವ ಹೊತ್ತಿಗೆ ಅದು ಮೇಲೆಲ್ಲಾದರೂ ಕಾಲಿನ ಕೊಕ್ಕೆ ಸಿಕ್ಕಿಸಿ ತಲೆಕೆಳಗಾಗಿ ನೇತಾಡುತ್ತದೆ. ಬೆನ್ನಿನ ಮೇಲೆ ಹಳೆಯ ಚರ್ಮ ಸೀಳುತ್ತದೆ, ದೇಹದ ಭಾರಕ್ಕೆ ಮೆತ್ತನೆಯ ಹೊಸ ಮೈ ಕೆಳಕ್ಕೆ ಜಾರಿ ಹೊರಬರುತ್ತದೆ. ಆ ಹೊತ್ತಿನಲ್ಲಿ ಅದಕ್ಕೆ ಬೇಕಾದದ್ದು ಎರಡೇ: ಬಿಗಿಯಾಗಿ ಹಿಡಿಯಲು ಒರಟಾದ ಚಾವಣಿ, ಕೆಳಗೆ ಸಾಕಷ್ಟು ಖಾಲಿ ಜಾಗ. ಪೆಟ್ಟಿಗೆಯ ಎತ್ತರ ಕೀಟದ ಉದ್ದದ ಮೂರು ಪಟ್ಟಾದರೂ ಇರಬೇಕು, ಅಗಲ ಎರಡು ಪಟ್ಟು. ನಮ್ಮ ಬೇಲಿ, ತೋಟಗಳಲ್ಲಿ ಕಾಣುವ ದೊಡ್ಡ ಹಸಿರು ಜಾತಿಗೆ ಒಂದು ಗೇಣು ಎತ್ತರ ಕನಿಷ್ಠ.

ನನಗೆ ಮಾರಿದ ಪೆಟ್ಟಿಗೆ ಅರ್ಧ ಗೇಣು ಎತ್ತರದ್ದು. ತಳದಲ್ಲಿ ಪಾಚಿ, ಒಂದು ಮರದ ತುಂಡು, ನೀರಿನ ಬಟ್ಟಲು, ನೋಡಲು ಅಂದವೇ. ಮುಚ್ಚಳ ಮಾತ್ರ ಕನ್ನಡಿಯಷ್ಟು ನುಣುಪು, ಗಾಳಿಗೆಂದು ನಾಲ್ಕು ಸಣ್ಣ ತೂತು. ಇದರಲ್ಲಿ ಅದು ನೇತಾಡುವುದು ಹೇಗೆ ಎಂದು ಕೊಳ್ಳುವಾಗಲೇ ಕೇಳಿದ್ದೆ. 'ಎಲ್ಲರೂ ಇದನ್ನೇ ಒಯ್ಯುತ್ತಾರೆ, ಅದು ಗಾಜಿನ ಮೇಲೂ ನಡೆಯುತ್ತದೆ' ಎಂಬ ಉತ್ತರ ಬಂತು. ನಡೆಯುತ್ತದೆ, ನಿಜ. ಪೊರೆ ಕಳಚುವಾಗ ಪೂರ್ತಿ ಭಾರ ಹೊತ್ತು ನೇತಾಡುವುದು ಬೇರೆಯೇ ಮಾತು.

ಕೊನೆಯ ಪೊರೆಗೆ ಮುನ್ನ ಅದರ ರೆಕ್ಕೆಯ ಮೊಗ್ಗುಗಳು ಉಬ್ಬಿದ್ದವು, ಆಹಾರ ಬಿಟ್ಟಿತ್ತು. ರಾತ್ರಿ ಮುಚ್ಚಳದ ಅಂಚಿಗೆ ಹೇಗೋ ಅಂಟಿಕೊಂಡು ಕಳಚಲು ತೊಡಗಿತು. ಅರ್ಧ ಮೈ ಹೊರಬಂದಾಗ ಹಿಡಿತ ತಪ್ಪಿ ಪಾಚಿಯ ಮೇಲೆ ಬಿದ್ದಿತು. ಹಿಂಗಾಲುಗಳು ಹಳೆಯ ಚರ್ಮದೊಳಗೇ ಸಿಕ್ಕಿಕೊಂಡವು. ಬೇಟೆ ಹಿಡಿಯುವ ಮುಂಗಾಲುಗಳು ಮಡಚಿದಂತೆಯೇ ಸೊಟ್ಟಗೆ ಗಟ್ಟಿಯಾದವು. ಹರಡಬೇಕಿದ್ದ ರೆಕ್ಕೆಗಳು ಒದ್ದೆ ಕಾಗದದ ಹಾಗೆ ಮುದುಡಿ ಹಾಗೆಯೇ ಒಣಗಿದವು. ಎಳೆಯ ಮರಿಯಾಗಿದ್ದರೆ ಮುಂದಿನ ಪೊರೆಯಲ್ಲಿ ಕಾಲು ಸ್ವಲ್ಪವಾದರೂ ಸರಿಯಾಗುವ ಅವಕಾಶವಿತ್ತು. ರೆಕ್ಕೆ ಬಂದ ಮೇಲೆ ಮ್ಯಾಂಟಿಸ್ ಮತ್ತೆ ಪೊರೆ ಬಿಡುವುದಿಲ್ಲ. ಚಿಮುಟದಲ್ಲಿ ನೊಣ ಹಿಡಿದು ಬಾಯಿಗೆ ತಾಗಿಸಿದರೆ ಮೊದಮೊದಲು ಕಚ್ಚುತ್ತಿತ್ತು. ಆಮೇಲೆ ಅದನ್ನೂ ಬಿಟ್ಟಿತು.

ಅಂಗಡಿಗೆ ಹೋಗಿ ಹೇಳಿದರೆ, 'ಹುಳ ತಾನೆ ಸಾರ್, ಇನ್ನೊಂದು ಹಿಡಿದು ಬಿಡಿ' ಎಂದರು. ಹಣ ಹಿಂದಿರುಗಿಸಲಿಲ್ಲ. ಹಣ ಹೋದದ್ದಕ್ಕಿಂತ ಆ ಮಾತು ನನಗೆ ಹೆಚ್ಚು ನೋವು ಕೊಟ್ಟಿತು. ನಾವು ತಂದು ಕೂಡಿಹಾಕಿದ ಜೀವಕ್ಕೆ ಹೊರಗೆ ಹೋಗಿ ಒಂದು ಕಡ್ಡಿ ಹುಡುಕಿಕೊಳ್ಳುವ ದಾರಿಯೂ ಇರುವುದಿಲ್ಲ.

ಅಂಗಡಿಯವರ ಇತರ ಸಲಹೆಗಳೂ ಅಪಾಯಕಾರಿಯೇ. 'ಜೋಡಿ ಇಡಿ' ಎಂದರು. ಜೋಡಿ ಇಟ್ಟರೆ ಒಂದು ಇನ್ನೊಂದನ್ನು ತಿನ್ನುತ್ತದೆ. ಆಹಾರಕ್ಕೆಂದು ಚಿಮ್ಮಂಡೆಗಳನ್ನು ಒಳಗೇ ಬಿಟ್ಟಿರಿ ಎಂದರು. ಪೊರೆ ಬಿಡುತ್ತಾ ನಿಸ್ಸಹಾಯಕವಾಗಿ ನೇತಾಡುವ ಮ್ಯಾಂಟಿಸನ್ನು ಚಿಮ್ಮಂಡೆ ಕಚ್ಚಿ ಕೊಲ್ಲಬಲ್ಲದು. ನೀರಿನ ಬಟ್ಟಲೂ ಬೇಡ, ಸಣ್ಣ ಮರಿ ಅದರಲ್ಲಿ ಮುಳುಗುತ್ತದೆ. ಗೋಡೆಗೆ ನೀರು ಚಿಮುಕಿಸಿದರೆ ಹನಿಗಳನ್ನು ಅದೇ ಕುಡಿಯುತ್ತದೆ. ಆದರೆ ಗಾಳಿಯಾಡದ ಪೆಟ್ಟಿಗೆಯಲ್ಲಿ ಚಿಮುಕಿಸಿದ ನೀರು ಆರದೆ ಪಾಚಿಗೆ ಬೂಷ್ಟು ಹಿಡಿಯುತ್ತದೆ. ನನ್ನದಕ್ಕೂ ಹಿಡಿದಿತ್ತು. ಇನ್ನು ನಮ್ಮ ಏಪ್ರಿಲ್ ಬಿಸಿಲಿಗೆ ಇಂಥ ಪೆಟ್ಟಿಗೆಯನ್ನು ಕಿಟಕಿಯ ಬಳಿ ಇಟ್ಟರೆ ಒಳಗಿರುವುದು ಬೇಯುತ್ತದೆ.

ಆಹಾರದ ವಿಷಯದಲ್ಲೂ ಜೋಪಾನ. ಅಂತರಸನಹಳ್ಳಿ ಮಾರುಕಟ್ಟೆಯ ಕೋಸಿನ ಎಲೆಯಲ್ಲಿ ಸಿಕ್ಕ ಹುಳುಗಳನ್ನು ಹಾಕಬೇಡಿ, ಔಷಧಿ ಹೊಡೆದ ಬೆಳೆಯ ಹುಳು ವಿಷವನ್ನೂ ತರುತ್ತದೆ. ಎಳೆಯ ಮರಿಗಳಿಗೆ ಬಾಳೆಹಣ್ಣಿನ ಸಿಪ್ಪೆಗೆ ಮುತ್ತುವ ನೊರಜು, ದೊಡ್ಡವಕ್ಕೆ ನೊಣ, ಪತಂಗ ಸಾಕು. ಅದೇ ಕೋಣೆಯಲ್ಲಿ ಸೊಳ್ಳೆ ಬತ್ತಿ ಹಚ್ಚಲೇಬೇಡಿ. ಬತ್ತಿಯಲ್ಲಿರುವ, ಸೊಳ್ಳೆಯನ್ನು ಕೊಲ್ಲುವ ಪೈರೆಥ್ರಾಯ್ಡ್ ಎಂಬ ಕೀಟನಾಶಕ ಮ್ಯಾಂಟಿಸನ್ನೂ ಕೊಲ್ಲುತ್ತದೆ.

ದುಬಾರಿ ಪೆಟ್ಟಿಗೆಯೇ ಬೇಕಿಲ್ಲ. ಹಪ್ಪಳ ಸಂಡಿಗೆ ತುಂಬಿಡುವ ಎತ್ತರದ ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಳ್ಳಿ. ಮುಚ್ಚಳದ ನಡುಭಾಗ ಕತ್ತರಿಸಿ, ಹಾರ್ಡ್‌ವೇರ್ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ಸೊಳ್ಳೆ ಜಾಲರಿಯನ್ನು ಅಂಟಿಸಿ. ಕಿಟಕಿಯ ಲೋಹದ ಜಾಲರಿ ಬೇಡ, ಪಾದ ಗಾಯವಾಗುತ್ತದೆ, ನೈಲಾನ್ ಆಗಲಿ. ಪಕ್ಕದಲ್ಲೂ ಒಂದು ಕಿಟಕಿ ಕೊರೆದು ಜಾಲರಿ ಹಾಕಿದರೆ ಗಾಳಿ ಅಡ್ಡಲಾಗಿ ಹಾಯುತ್ತದೆ. ಒಂದೆರಡು ಒಣ ಕಡ್ಡಿಗಳನ್ನು ಓರೆಯಾಗಿ ನಿಲ್ಲಿಸಿ, ಆದರೆ ಚಾವಣಿಯ ಕೆಳಗಿನ ಜಾಗ ತೆರವಾಗಿರಲಿ. ತಳಕ್ಕೆ ಟಿಶ್ಯೂ ಕಾಗದ ಹಾಸಿದರೆ ಬದಲಿಸುವುದು ಸುಲಭ. ಮ್ಯಾಂಟಿಸ್ ತಿನ್ನುವುದು ಬಿಟ್ಟು ಚಾವಣಿಗೆ ನೇತುಬಿದ್ದಿದ್ದರೆ ಡಬ್ಬಿ ಅಲುಗಿಸಬೇಡಿ, ಮುಚ್ಚಳ ತೆರೆಯಬೇಡಿ, ಮಕ್ಕಳಿಗೂ ಹೇಳಿ. ಹೊಸ ಮೈ ಪೂರ್ತಿ ಗಟ್ಟಿಯಾಗುವವರೆಗೆ ಒಂದೆರಡು ದಿನ ಆಹಾರವನ್ನೂ ಹಾಕಬೇಡಿ.